ಮನೆತನದ ಎಡಭುಜ

ನಮ್ಮವರನ್ನು ಹೆಸರು ಹಿಡಿದು ಕರೆಯುವವರು ಕಾರ್ಖಾನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಎಲ್ಲರಿಗೂ ಅವರು ಟೇಪು ಮಾಸ್ತರು. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವರನ್ನು ಕಂಡವರು ಕಡಿಮೆ. ನಮ್ಮ ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನ ಕೆಳಗಿಂದ ಹಳದಿ ತುದಿಯೊಂದು ಇಣುಕುತ್ತಿದೆ. ಆಗ ಅದನ್ನು ನೋಡಿ ಅತ್ತಿದ್ದೆ. ಈಗ ಮನೆಗೆ ಬಂದವರಿಗೆಲ್ಲ ನಾನೇ ತೋರಿಸುತ್ತೇನೆ.

ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಅದೂ ಪ್ಯಾಂಟು ವಿಭಾಗದಲ್ಲಿ. ಸೊಂಟದಿಂದ ಮೇಲಿನ ಮನುಷ್ಯರ ಪರಿಚಯವೇ ನಿಮಗಿಲ್ಲ ಎಂದು ನಾನು ರೇಗಿಸುತ್ತಿದ್ದೆ. ತಮಾಷೆಗೆ ಆಡಿದ ಮಾತು, ಕೊನೆಗೆ ಅದೇ ನಿಜವಾಗಿ ಕೂತಿತು.

ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಉಳಿದ ಮಾಸ್ತರುಗಳು ಕೆಲಸ ಹೋಯಿತೆಂದು ಹೆದರಿದರೆ, ಇವರು ಅದರ ಬೆನ್ನು ಹತ್ತಿದರು. ಯಾರೋ ಬಿಸಾಡಲು ಇಟ್ಟಿದ್ದ ಹಳೆಯದೊಂದನ್ನು ಹೊತ್ತು ತಂದು ನಮ್ಮ ಊಟದ ಮೇಜಿನ ಮೇಲೆ ಸ್ಥಾಪಿಸಿದರು. ಅಂದಿನಿಂದ ನಾನು ಮತ್ತು ಮಗಳು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಉಣ್ಣುತ್ತೇವೆ.

ಆ ಮೇಜಿನ ಮೇಲೆ ಹುಟ್ಟಿದ್ದು ಅವರ ತಂತ್ರಾಂಶ. ನಿಮ್ಮ ಅಳತೆಗಳನ್ನು ತುಂಬಿದರೆ ಸಾಕು, ಅಂಗಿಯದೋ ಕೋಟಿನದೋ ನಕ್ಷೆ ಬರೆದುಕೊಡುತ್ತದೆ. ಅದನ್ನು ಮುದ್ರಿಸಿ, ಬಟ್ಟೆಯ ಮೇಲೆ ಹಾಸಿ, ಕತ್ತರಿ ಆಡಿಸುವುದಷ್ಟೇ ಬಾಕಿ. ಪೂರಾ ಪುಕ್ಕಟೆ. ಒಳಗಿನ ಕೋಡನ್ನೂ ಮುಚ್ಚುಮರೆಯಿಲ್ಲದೆ ತೆರೆದಿಟ್ಟರು, ಯಾರು ಬೇಕಾದರೂ ನೋಡಲಿ, ತಿದ್ದಲಿ, ಹಂಚಲಿ ಎಂದು. ಎಲ್ಲೆಲ್ಲಿಯವರೋ ಬಳಸತೊಡಗಿದರು. ಆದರೆ ಬಳಸುವವರು ಸಾವಿರಾರು ಮಂದಿ, ತಿದ್ದುವವರು ಮಾತ್ರ ಇವರೊಬ್ಬರೇ. ಕಾರ್ಖಾನೆಯಿಂದ ಬಂದವರೇ ಒಂದು ಕೈಯಲ್ಲಿ ತುತ್ತು ಹಿಡಿದು ಇನ್ನೊಂದು ಕೈಯಲ್ಲಿ ದೂರುಗಳಿಗೆ ಉತ್ತರ ಬರೆಯುತ್ತಿದ್ದರು. ತೋಳು ಬಿಗಿಯಾಯಿತು, ಗುಂಡಿ ಸಾಲು ಸೊಟ್ಟಗಾಯಿತು, ಹೀಗೆ. ಭುಜ ಸರಿಯಾಗಿ ಕೂರುತ್ತಿಲ್ಲ ಎಂಬ ದೂರಂತೂ ಆಗಾಗ ಬರುತ್ತಲೇ ಇತ್ತು. ಅದಕ್ಕೆ ಇವರದು ಸಿದ್ಧ ಉತ್ತರ: ನೀವು ಅಳತೆ ತೆಗೆದದ್ದು ತಪ್ಪಾಗಿದೆ, ಇನ್ನೊಮ್ಮೆ ತೆಗೆಯಿರಿ.

ಈ ವರ್ಷ ಅವರು ಸೋತುಹೋದರು. ಒಂದು ಸಂಜೆ ಕಂಪ್ಯೂಟರ್ ಆರಿಸಿ ಹಣೆ ತಿಕ್ಕಿಕೊಂಡರು.

"ತಂತ್ರಾಂಶದವರ ದೊಡ್ಡ ಸಮ್ಮೇಳನದಲ್ಲಿ ನಮಗೂ ಒಂದು ಮೇಜು ಕೊಟ್ಟಿದ್ದಾರೆ ಕಣೇ. ಅಲ್ಲಿ ಜೊತೆಗೆ ಕೆಲಸ ಮಾಡೋಕೆ ಒಬ್ಬರಾದ್ರೂ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಮುಚ್ಚಿಬಿಡ್ತೀನಿ. ಒಬ್ಬನ ಕೈಲಿ ಆಗ್ತಿಲ್ಲ."

"ಮುಚ್ಚಿ ಏನ್ ಮಾಡ್ತೀರಿ?"

"ಸುಮ್ನಿರ್ತೀನಿ."

ಈ ಮನುಷ್ಯ ಸುಮ್ಮನಿದ್ದದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಮನೆಯ ಕಿಟಕಿ ಪರದೆಗಳನ್ನೆಲ್ಲ ಬಿಚ್ಚಿ ಹೊಲಿದು, ಸಮಾಧಾನವಾಗದೆ ಮತ್ತೆ ಬಿಚ್ಚಿ ಹೊಲಿದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ತಂತ್ರಾಂಶ ಅಂದರೆ ಅವರಿಗೆ ಜೀವ. ಅದು ಮುಚ್ಚಿದರೆ ಈ ಮನುಷ್ಯನ ಮುಖ ನೋಡುವುದು ನನ್ನಿಂದಾಗದು. ನಾನು ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂರುವವಳು. ರಜೆ ಹಾಕಿ ಜೊತೆಗೆ ಹೊರಟೆ.

ಹೊರಡುವ ಮೊದಲು ಒಂದು ಜಗಳವಾಯಿತು. ಮೇಜಿನ ಮೇಲೆ ತೋರಿಸಲು ಒಂದು ಮಾದರಿ ಕೋಟು ಬೇಕಿತ್ತು. ನಾನು ನನಗೆಂದು ಆರಿಸಿ, ಬೀರುವಿನಲ್ಲಿ ಜೋಪಾನ ಮಾಡಿದ್ದ ಕಡುನೀಲಿ ಬಟ್ಟೆಯನ್ನು ತೆಗೆದು ಕತ್ತರಿಸಿಬಿಟ್ಟಿದ್ದರು.

"ರೀ, ಅದು ನನ್ನ ಬಟ್ಟೆ!"

"ನಿನಗೆ ಆಮೇಲೆ ಹೊಲಿತೀನಿ. ನೀನೆಲ್ಲಿಗೆ ಓಡಿ ಹೋಗ್ತೀಯ, ಮನೆಯವಳೇ ಅಲ್ವಾ."

ಮದುವೆಯಾದಾಗಿನಿಂದ ಈ 'ಆಮೇಲೆ' ನಡೆಯುತ್ತಿದೆ. ಊರಿಗೆಲ್ಲ ನಕ್ಷೆ ಬರೆದುಕೊಟ್ಟವರು ಒಂದು ದಿನಕ್ಕಾದರೂ ನನ್ನ ಅಳತೆ ಹಿಡಿದವರಲ್ಲ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು! ಕೋಟನ್ನು ಹೊಲಿದು, ತಾವೇ ತೊಟ್ಟು ಕನ್ನಡಿಯ ಮುಂದೆ ನಿಂತರು. ಹೇಳಿ ಮಾಡಿಸಿದಂತೆ ಕೂತಿತ್ತು. ಹೊಟ್ಟೆಯುರಿದರೂ ಚೆನ್ನಾಗಿದೆ ಎಂದೆ.

ಸಮ್ಮೇಳನದ ಸಭಾಂಗಣ ರೈಲು ನಿಲ್ದಾಣದಷ್ಟಿತ್ತು. ಬಾಗಿಲ ಬಳಿಯೆಲ್ಲ ದೊಡ್ಡ ಕಂಪನಿಗಳ ಮಳಿಗೆಗಳು, ಬಣ್ಣದ ದೀಪ, ಪುಕ್ಕಟೆ ಕಾಫಿ. ನಮ್ಮಂಥ ಬಡ ತಂತ್ರಾಂಶಗಳಿಗೆ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಒಂದು ಸಾಲು. ತಲಾ ಒಂದು ಮೇಜು, ಎರಡು ಕುರ್ಚಿ, ಒಂದು ಪ್ಲಗ್ಗು. ನಮ್ಮವರು ಕೂತವರೇ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿದರು. ಬಂದವರು ಕತ್ತರಿ ಚಿತ್ರದ ಸ್ಟಿಕರ್ ಎತ್ತಿಕೊಂಡು ಮುಂದೆ ಹೋದರು.

"ತಲೆ ಎತ್ತಿ ರೀ. ಜನ ನಿಮ್ಮ ನೆತ್ತಿ ನೋಡೋಕೆ ಬಂದಿದ್ದಾರಾ?"

"ಏನಂತ ಮಾತಾಡಿಸಲಿ?"

ಮಧ್ಯಾಹ್ನ ಕಳೆದರೂ ಒಬ್ಬರೂ ನಿಲ್ಲಲಿಲ್ಲ. ಪಕ್ಕದ ಮೇಜಿನಲ್ಲಿ ಭೂಪಟದ ತಂತ್ರಾಂಶದ ಒಬ್ಬಾತ ಇದ್ದ, ಬಾಯಿ ತುಂಬ ಮಾತು. ನಮ್ಮ ಅವಸ್ಥೆ ಕಂಡು ಕನಿಕರವಾಯಿತೋ ಏನೋ, ಎದ್ದು ಬಂದ.

"ಕೊಡಿ ಸಾರ್, ನಿಮ್ಮ ಕೋಟನ್ನ ನಾನು ಹಾಕ್ಕೊಂಡು ಒಂದು ಸುತ್ತು ಹೋಗಿ ಬರ್ತೀನಿ. ನಡೆದಾಡೋ ಜಾಹೀರಾತು!"

ತೊಟ್ಟ. ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಮಾತ್ರ ಕಂಕುಳಿನಿಂದ ಎಳೆದುಕೊಂಡು, ಕಾಲರು ಕಿವಿಯ ಕಡೆ ಎದ್ದು ನಿಂತಿತು. ಅವನು ನೆಟ್ಟಗೆ ನಿಂತಷ್ಟೂ ಕೋಟು ವಾಲುತ್ತಿತ್ತು. ಶೌಚಾಲಯಕ್ಕೆ ಹೊರಟವರೂ ನಿಂತು ನಕ್ಕರು. ಅವನೂ ನಕ್ಕ. ನಗದವರು ನಮ್ಮವರೊಬ್ಬರೇ.

ನಾನು ಕೋಟು ನೋಡಿದೆ, ನಮ್ಮವರನ್ನು ನೋಡಿದೆ. ಅವರ ಎಡಭುಜ ಬಲದ್ದಕ್ಕಿಂತ ಇಳಿದಿದೆ. ಮಾವನದೂ ಹಾಗೆಯೇ ಇತ್ತು. ಭಾವನದೂ.

"ರೀ, ಇದನ್ನ ಬರೆಯುವಾಗ ಭುಜದ ಅಳತೆ ಯಾರ್ಯಾರದ್ದು ತಗೊಂಡ್ರಿ?"

"ನಂದು, ಅಪ್ಪಂದು, ಅಣ್ಣಂದು, ತಂಗೀದು, ಅವಳ ಮಕ್ಕಳದ್ದು, ನಮ್ಮ ಪುಟ್ಟೀದು. ಒಂದೆರಡು ಅಲ್ಲ ಕಣೇ, ಎಲ್ಲರದ್ದೂ ಎಡಗಡೆ ಅಷ್ಟೇ ಇಳಿದಿತ್ತು. ಅದಕ್ಕೇ ಜನರ ಹತ್ರ ಬಲಭುಜ ಮಾತ್ರ ಕೇಳಿ, ಎಡದ್ದನ್ನ ತಂತ್ರಾಂಶವೇ ಇಳಿಸೋ ಹಾಗೆ ಮಾಡಿದೆ. ಮನುಷ್ಯರ ಮೈಯೇ ಹಾಗೆ ಅಂತ..."

"ಮನುಷ್ಯರದ್ದಲ್ಲ ರೀ! ನಿಮ್ಮ ಮನೆಯವರದ್ದು!"

ಭೂಪಟದವನು ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದ. ನಮ್ಮವರ ಮುಖ ಹುಳ್ಳಗಾಯಿತು. ಲ್ಯಾಪ್‌ಟಾಪ್ ಮಡಚಿ, ಸ್ಟಿಕರುಗಳನ್ನು ಚೀಲಕ್ಕೆ ತುಂಬತೊಡಗಿದರು.

"ನಡಿ, ಹೋಗೋಣ. ಇಷ್ಟು ದಿನ ಜನಕ್ಕೆಲ್ಲ ನಿಮ್ಮ ಅಳತೆ ತಪ್ಪು ಅಂತ ಬರೀತಿದ್ದೆನಲ್ಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನನ್ನ ಕಥೆ. ಮುಚ್ಚಿಬಿಡೋಣ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಮ್ಮ ಆಸ್ಪತ್ರೆಗೆ ಬರುವವರಿಗೆಲ್ಲ ಗೊತ್ತು. ಚೀಲ ಕಿತ್ತುಕೊಂಡೆ.

"ಕೂತ್ಕೊಳ್ಳಿ ಸುಮ್ನೆ! ಒಂದು ಸಲ, ಒಂದೇ ಒಂದು ಸಲ ಹೆಂಡತಿಯ ಅಳತೆ ತಗೊಂಡಿದ್ರೆ ಇದು ಅವತ್ತೇ ಗೊತ್ತಾಗ್ತಿತ್ತು. ನಾನು ಬೇರೆ ಮನೆಯಿಂದ ಬಂದವಳಲ್ವಾ? ಈಗ ತಗೊಳ್ಳಿ. ಎಲ್ಲರ ಎದುರಿಗೇ ತಗೊಳ್ಳಿ."

ಕೊರಳಿನ ಟೇಪು ತೆಗೆದರು. ಕತ್ತಿನ ಬುಡದಿಂದ ಬಲಭುಜದ ತುದಿಗೆ, ಅಲ್ಲಿಂದ ಸೊಂಟಕ್ಕೆ ಹಿಡಿದರು. ಎಡಕ್ಕೆ ಹಿಡಿದರು. ಮತ್ತೆ ಬಲಕ್ಕೆ ಬಂದರು. ನಿಜ ಹೇಳಬೇಕೆಂದರೆ ನನಗೆ ಒಂದು ಥರಾ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ.

"ನಿಂದು ಬಲಭುಜ ಇಳಿದಿದೆಯಲ್ಲೇ!"

"ಇಳೀದೆ ಏನಾಗುತ್ತೆ? ಇಷ್ಟು ವರ್ಷ ನಿಮ್ಮ ಮನೆ ಭಾರ ಹೊತ್ತಿರೋದು ಯಾರು?"

ಈ ಸಲ ನಮ್ಮವರೂ ನಕ್ಕರು. ನಿಂತಿದ್ದವರಲ್ಲಿ ಒಬ್ಬ, ನನ್ನದೂ ನೋಡಿ ಅಂದ. ಅವನ ಹಿಂದೆ ಇನ್ನೊಬ್ಬಳು. ನಾನು ಆಸ್ಪತ್ರೆಯ ಗಂಟಲು ತೆಗೆದೆ. "ಸಾಲಾಗಿ ಬನ್ನಿ! ಹೆಗಲ ಚೀಲ ಕೆಳಗಿಡಿ! ಮುಂದಿನವರು!" ಬೆಳಗಿನಿಂದ ಬಾಯಿ ಬಿಡದ ಮನುಷ್ಯ ಈಗ ಒಬ್ಬೊಬ್ಬರ ಭುಜ ಹಿಡಿದು, ನೀವು ಯಾವ ಕೈಯಲ್ಲಿ ಚೀಲ ಹೊರುತ್ತೀರಿ, ಯಾವ ಕಡೆ ಮಲಗುತ್ತೀರಿ ಎಂದು ಹರಟತೊಡಗಿದರು. ದೊಡ್ಡ ಕಂಪನಿಯ ಮಳಿಗೆಯವರೂ ಕಾಫಿ ಲೋಟ ಹಿಡಿದೇ ಬಂದು ಸಾಲಿನಲ್ಲಿ ನಿಂತರು. ಆದರೆ ಅಳತೆ ಕೊಟ್ಟವರು ನಕ್ಕು ಹೋಗುತ್ತಿದ್ದರೇ ಹೊರತು, ಜೊತೆಗೆ ಕೆಲಸ ಮಾಡುತ್ತೇನೆ ಎಂದವರಿಲ್ಲ. ನನಗೆ ಅದೇ ಚಿಂತೆ.

ಸಾಲಿನ ಕೊನೆಗೆ ನಿಂತಿದ್ದವಳು ಲಿಫ್ಟುಗಳಿಗೆ ಕೋಡ್ ಬರೆಯುವ ಕೆಲಸದವಳು. ಸರದಿ ಬಂದಾಗ ಅಳತೆಗೆ ನಿಲ್ಲದೆ, ಕುರ್ಚಿಯ ಮೇಲೆ ಬಿದ್ದಿದ್ದ ನೀಲಿ ಕೋಟನ್ನು ಎತ್ತಿ ತೊಟ್ಟಳು. ಎಡಗಡೆ ಎಳೆಯಲಿಲ್ಲ, ಕಾಲರು ಏಳಲಿಲ್ಲ. ಅವಳಿಗೆಂದೇ ಹೊಲಿದಂತೆ ಕೂತಿತು. ಫೋನಿನ ಕ್ಯಾಮೆರಾದಲ್ಲಿ ತನ್ನನ್ನು ನೋಡಿಕೊಂಡಳು, ಬಹಳ ಹೊತ್ತು ನೋಡಿಕೊಂಡಳು.

"ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಬಿದ್ದು ಈ ಎಡಭುಜ ಮುರೀತು," ಅಂದಳು. "ಅವತ್ತಿಂದ ಒಂದು ಬಟ್ಟೆಯೂ ಜಾರದೆ ಕೂತಿಲ್ಲ. ದರ್ಜಿಗಳೆಲ್ಲ ಒಳಗೆ ಹತ್ತಿ ತುಂಬಿ ಮುಚ್ಚಿಕೊಡ್ತಾರೆ. ಇದನ್ನ ಹೇಗೆ ಮಾಡಿದ್ರಿ?"

"ತಪ್ಪಿ ಮಾಡಿದ್ದು ತಾಯಿ. ಇವತ್ತೇ ತೆಗೆದುಹಾಕ್ತೀನಿ," ಅಂದರು ನಮ್ಮವರು.

"ಅಯ್ಯೋ, ತೆಗೀಬೇಡಿ! ಎರಡು ಭುಜಕ್ಕೂ ಬೇರೆಬೇರೆ ಅಳತೆ ಕೇಳಿದ್ರೆ ಮುಗೀತು. ಕೋಡ್ ಎಲ್ಲಿದೆ, ತೋರಿಸಿ."

ನನ್ನ ಕುರ್ಚಿಯಲ್ಲೇ ಕೂತುಬಿಟ್ಟಳು. ಸಭಾಂಗಣದ ದೀಪಗಳನ್ನು ಒಂದೊಂದಾಗಿ ಆರಿಸುವವರೆಗೂ ಇಬ್ಬರದೂ ವಾದವೋ ವಾದ. ನಾನು ನಿಂತೇ ಇದ್ದೆ, ಕಾಲು ಬಾತುಕೊಂಡಿತು, ಕುರ್ಚಿ ಮಾತ್ರ ಕೇಳಲಿಲ್ಲ. ಕಡೆಗೆ ಅವಳು, "ನಿಮ್ಮ ಜೊತೆ ಇನ್ನೂ ಯಾರಿದ್ದಾರೆ?" ಎಂದಳು. ಯಾರೂ ಇಲ್ಲ ಎಂದರು.

"ಹಾಗಾದ್ರೆ ಬರೋ ದೂರುಗಳಲ್ಲಿ ಅರ್ಧ ನನಗೆ ಕಳಿಸಿ."

ನಮ್ಮವರು ಟೇಪನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನಾನೇ ಹೇಳಿದೆ, "ಅರ್ಧ ಯಾಕಮ್ಮಾ, ಮುಕ್ಕಾಲು ಕಳಿಸ್ತಾರೆ!"

ಹೊರಡುವಾಗ ಅವಳು ಕೋಟು ಬಿಚ್ಚಲು ಹೋದಳು. ಬಿಚ್ಚಬೇಡ, ಅದು ನಿನ್ನದೇ ಎಂದೆ. ಆ ಬಟ್ಟೆಯ ಮೇಲೆ ನನಗೆ ಇನ್ನೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳ ಮೈಮೇಲೆ ಅದನ್ನು ನೋಡಿದ ಮೇಲೆ ಕೇಳುವ ಮನಸ್ಸಾಗಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಹೊಸ ನಕ್ಷೆಯನ್ನು ಪರೀಕ್ಷಿಸಲು ಮೊಟ್ಟಮೊದಲು ನನ್ನ ಅಳತೆಯನ್ನೇ ತುಂಬಿದರು. ಲಿಫ್ಟಿನವಳು ತನ್ನ ಮನೆಯಿಂದಲೇ ಪರಿಶೀಲಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಪ್ರಶ್ನೆ ಬಂತು, ದೂರುಗಳು ಬರುವ, ಲೋಕವೆಲ್ಲ ಓದಬಹುದಾದ ಆ ಪುಟದಲ್ಲಿ: "ಮಾಸ್ತರೇ, ಇದರಲ್ಲಿ ಬಲಭುಜ ಕೆಳಗಿದೆ. ಬೆರಳು ತಪ್ಪಿ ತುಂಬಿದ್ರಾ? ಇದು ತಪ್ಪಾ?"

ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಮೇಜಿನ ಮೇಲೆ ನನಗೆಂದು ತಂದ ಹೊಸ ಬಟ್ಟೆಯಿತ್ತು, ಅದರ ಮೇಲೆ ಆಗಲೇ ಸೀಮೆಸುಣ್ಣದ ಗೆರೆ ಬಿದ್ದಿತ್ತು. ಅವರು ಒಂದೊಂದೇ ಅಕ್ಷರ ನಿಧಾನವಾಗಿ ಒತ್ತಿ ಉತ್ತರ ಬರೆದರು:

"ತಪ್ಪಲ್ಲ. ಅದು ನನ್ನ ಹೆಂಡತಿ."