ಹಳಿಯ ಕೆಳಗೆ ಅತ್ತೆಯ ಹೆಸರು

2024ರ ಮಾರ್ಚ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಜಲಜಾ ಎರಡು ಹಳಿಗಳ ನಡುವೆ ಕುಪ್ಪಳಿಸಿದಳು. ಸಮಯವನ್ನು ಇಷ್ಟು ನಿಖರವಾಗಿ ಹೇಳಲು ಕಾರಣ, ಅವಳ ಜೊತೆ ಕೆಲಸ ಮಾಡುತ್ತಿದ್ದ ಎಂದೋ-ಸಾನ್ ಅದೇ ಕ್ಷಣದಲ್ಲಿ ಕೆಲಸದ ಪ್ರಗತಿಯ ಫೋಟೋ ತೆಗೆಯುತ್ತಿದ್ದರು. ಚಿತ್ರದಲ್ಲಿ ಅವಳ ಎರಡೂ ಪಾದಗಳು ನೆಲ ಬಿಟ್ಟಿವೆ, ಹಳದಿ ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿದೆ, ಕೈಯಲ್ಲಿರುವ ಸ್ಪ್ಯಾನರ್ ಆಕಾಶ ತೋರಿಸುತ್ತಿದೆ. ನಲವತ್ಮೂರು ವರ್ಷದ ಗೃಹಿಣಿಯೊಬ್ಬಳು ಜಪಾನಿನ ಗುಡ್ಡದ ನಡುವೆ ಹೀಗೆ ಹಾರಿದ್ದು ಒಂದು ಹಿತ್ತಾಳೆ ಫಲಕವನ್ನು ತಪ್ಪಿಸಲು.

ಜಪಾನಿನ ತ್ಸುಕುಬಾ ನಗರ ದಾಟಿ ಉತ್ತರಕ್ಕೆ ಹೋದರೆ ಕುರುಮಿಜಾವಾ ಪುಟ್ಟ ರೈಲು ಸಿಗುತ್ತದೆ. ಒಂದು ಕಾಲಕ್ಕೆ ಕಾಡಿನ ಮರ ಸಾಗಿಸುತ್ತಿದ್ದ ಮಾರ್ಗ. ಎರಡು ಹಳಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ. ಎಂಜಿನ್ನಿನ ಪಕ್ಕದಲ್ಲಿ ನಿಂತರೆ ನಾವೇ ದೊಡ್ಡವರಾಗಿಬಿಟ್ಟೆವೇನೋ ಅನಿಸುತ್ತದೆ. ಹಳೆಯ ಪ್ರವಾಹವೊಂದು ಮಾರ್ಗದ ಮಧ್ಯದಲ್ಲಿ ಇನ್ನೂರ ಎಂಬತ್ತಾರು ಮೀಟರ್ ಉದ್ದದ ಏರಿಯನ್ನು ಕೊಚ್ಚಿಕೊಂಡು ಹೋಗಿತ್ತು. ಅಂದಿನಿಂದ ಅದು ಒಂದು ರೈಲಲ್ಲ, ಎರಡು ತುಂಡು. ಪ್ರಯಾಣಿಕರು ಕೆಳಗಿನ ರೈಲಿನಿಂದ ಇಳಿದು, ಕೆಸರಿನ ಕಾಲುದಾರಿಯಲ್ಲಿ ನಡೆದು, ಮೇಲಿನ ರೈಲು ಹತ್ತುತ್ತಿದ್ದರು. ಈ ತುಂಡುಗಳನ್ನು ಜೋಡಿಸಲು ಊರಿನವರೂ ದೂರದವರೂ ಸೇರಿ ಪ್ರತಿ ಶನಿವಾರ ಸಂಬಳವಿಲ್ಲದ ಕೆಲಸಕ್ಕೆ ಇಳಿದರು. ದೇಣಿಗೆ ಕೊಟ್ಟವರಿಗೆ ಒಂದು ಗೌರವವಿತ್ತು: ಹಳಿಗಳ ಕೆಳಗೆ ಅಡ್ಡಲಾಗಿ ಮಲಗುವ ಮರದ ಸ್ಲೀಪರಿನ ಮೇಲೆ ಅವರು ಹೇಳಿದವರ ಹೆಸರಿನ ಫಲಕ.

ಜಲಜಾ ಇದರಲ್ಲಿ ಸಿಕ್ಕಿಕೊಂಡದ್ದು ಕೂಗುವ ಆಸೆಯಿಂದ. ಕಾಶಿವಾ ನಗರದ ಫ್ಲಾಟಿನಲ್ಲಿ ಹನ್ನೊಂದು ವರ್ಷ ಅವಳು ಮೆಲ್ಲಗೆ ಮಾತಾಡಿದ್ದಳು. ಕುಕ್ಕರ್ ಮೂರನೇ ಸೀಟಿ ಹಾಕಿದರೆ ಕೆಳಗಿನ ಮನೆಯವರಿಗೆ ‘ಕ್ಷಮಿಸಿ’ ಎನ್ನುವ ಸುಮಿಮಾಸೆನ್, ಮಗಳು ಜಾಹ್ನವಿ ಓಡಿದರೆ ಸುಮಿಮಾಸೆನ್, ಮಿಕ್ಸಿಗೆ ಮೊದಲೇ ಸುಮಿಮಾಸೆನ್. ಒಮ್ಮೆ ಗಂಡ, ಮಗಳ ಜೊತೆ ಕುರುಮಿಜಾವಾಕ್ಕೆ ಪಿಕ್ನಿಕ್ ಹೋದಾಗ ಅಲ್ಲಿನ ಕೆಲಸಗಾರರು ಪ್ರತಿ ಬೋಲ್ಟಿಗೂ ಬೆರಳು ಚಾಚಿ ಗಂಟಲು ಬಿಚ್ಚಿ “ಯೋಶಿ!” ಎಂದು ಕೂಗುವುದನ್ನು ಕಂಡಳು. ಸರಿಯಾಗಿದೆ ಎಂದರ್ಥ. ಜಪಾನಿನ ರೈಲಿನವರು ನೋಡಿದ್ದನ್ನು ಬೆರಳಿನಿಂದ ತೋರಿಸಿ, ಬಾಯಲ್ಲೂ ಹೇಳಬೇಕು, ಹಾಗೆ ಮಾಡಿದರೆ ತಪ್ಪು ಕಡಿಮೆಯಾಗುತ್ತದೆ. ಕೂಗುವುದು ಇಲ್ಲಿ ಅಸಭ್ಯತೆಯಲ್ಲ, ನಿಯಮ! ಮುಂದಿನ ಶನಿವಾರವೇ ಜಲಜಾ ಹೆಲ್ಮೆಟ್ ತೊಟ್ಟು ನಿಂತಳು. ಗಂಡ ದ್ವಾರಕಾನಾಥ ಒಂದು ದಿನ ಜೊತೆಗೆ ಬಂದು, ಸೊಂಟ ಹಿಡಿಸಿಕೊಂಡು, ಆಮೇಲೆ ಎಲ್ಲರಿಗೂ ಪುಳಿಯೋಗರೆ ಮಾಡಿಕೊಡುವ ಹೊಣೆ ಹೊತ್ತ.

ಅತ್ತೆ ಸತ್ಯವತಿಯವರಿಗೆ ಎಪ್ಪತ್ತೈದು ತುಂಬಿದಾಗ ಅವರ ಹೆಸರಿನಲ್ಲಿ ಒಂದು ಸ್ಲೀಪರ್ ಕೊಡೋಣ ಎಂದವಳೂ ಜಲಜಾ. ಫಲಕದಲ್ಲಿ ಕನ್ನಡದಲ್ಲೇ ಬರೆಯಿಸಿದಳು: ಶ್ರೀಮತಿ ಸತ್ಯವತಿ, ಮೈಸೂರು. ಅವಳ ಮನಸ್ಸಿನಲ್ಲಿದ್ದದ್ದು ಮೈಸೂರಿನ ಛತ್ರದ ಸೀಲಿಂಗ್ ಫ್ಯಾನು, ದೇವಸ್ಥಾನದ ಟ್ಯೂಬ್‌ಲೈಟು, ದಾನಿಗಳ ಹೆಸರು ತಲೆಯ ಮೇಲಿರುವ ಲೋಕ. ಸ್ಲೀಪರ್ ನೆಲದಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ದಿನವಿಡೀ ಅದರ ಮೇಲೆ ನಿಂತೇ ಬೋಲ್ಟ್ ಬಿಗಿಯುತ್ತಿದ್ದಳು. ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ, ಅಷ್ಟೆ. ಆ ಶನಿವಾರ ಮುಂದಿನ ಹೆಜ್ಜೆ ಇಡಲು ಕಾಲೆತ್ತಿದಾಗ ಕೆಸರಿನ ನಡುವೆ ಕನ್ನಡದ ಅಕ್ಷರ ಹೊಳೆಯಿತು. ಹಾರಿದಳು.

“ಏನಾಯ್ತು ಜಲಜಾ-ಸಾನ್? ಹಾವಾ?” ಎಂದರು ಎಂದೋ-ಸಾನ್. ವಾರದ ದಿನಗಳಲ್ಲಿ ಅವರು ದಂತವೈದ್ಯ, ಶನಿವಾರ ಎಂಜಿನ್ ಚಾಲಕ.

“ಅಲ್ಲ. ನನ್ನ ಗಂಡನ ತಾಯಿ.”

ಎಂದೋ-ಸಾನ್ ಹಿಂದೆ ಮುಂದೆ ನೋಡಿದರು. ಅಂಥ ಹೆಂಗಸು ಯಾರೂ ಇರಲಿಲ್ಲ. ಇನ್ನಷ್ಟು ಸರಿಯಾಗಿ ನೋಡಲು ಒಂದು ಹೆಜ್ಜೆ ಮುಂದಿಟ್ಟರು. ಅವರ ಕೆಸರು ಬೂಟು ಫಲಕದ ಮೇಲೆ ಸರಿಯಾಗಿ ಕೂತಿತು. ಆಗ ಜಲಜಾ ಕಿರುಚಿದ್ದು ಕಣಿವೆಯಾಚೆಯ ಮೇಲಿನ ರೈಲಿಗೂ ಕೇಳಿಸಿತಂತೆ.

ಕೆಲಸದ ಮುಖ್ಯಸ್ಥರು ಕುವಾಬಾರಾ-ಸಾನ್. ಇಡೀ ವೃತ್ತಿಜೀವನವನ್ನು ಹಳಿಗಳ ಮೇಲೆ ಕಳೆದು ನಿವೃತ್ತರಾದವರು. ಅವರು ಸುತ್ತಿಗೆ ಕೆಳಗಿಟ್ಟು ಅವಳ ಮಾತನ್ನು ಪೂರ್ತಿ ಕೇಳಿದರು.

“ಹಿರಿಯರ ಹೆಸರಿಗೆ ಕಾಲು ತಾಗಿಸಬಾರದು. ನಮ್ಮ ಕಡೆ ಹಾಗೆ. ಇದನ್ನು ಯಾರೂ ನಡೆಯದ ಕಡೆ ಹಾಕಬಹುದಾ?”

“ರೈಲು ಮಾರ್ಗದಲ್ಲಿ ಅಂಥ ಜಾಗವೇ ಇಲ್ಲ,” ಎಂದರು ಅವರು. ಗಡ್ಡ ಕೆರೆದುಕೊಂಡು ಯೋಚಿಸಿದರು. “ಆದರೆ ನಮ್ಮಜ್ಜಿ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಮನೆ ಯಜಮಾನನ ತಲೆ ತುಳಿದ ಹಾಗೆ ಅನ್ನುತ್ತಿದ್ದಳು.”

“ಹೊಸ್ತಿಲು ನಮ್ಮಲ್ಲೂ ತುಳಿಯಲ್ಲ!”

“ಹಾಗಾದರೆ ಇದು ಹೊಸ್ತಿಲು. ಹಾರಿ ಹೋಗೋಣ. ಆದರೆ ಹೇಗೆಂದರೆ ಹಾಗೆ ಹಾರಿದರೆ ಯಾರಾದರೂ ಕಾಲು ಮುರಿದುಕೊಳ್ಳುತ್ತಾರೆ. ಕ್ರಮವಾಗಿ ಹಾರಬೇಕು. ಇವರ ಹೆಸರೇನು?”

ಕನ್ನಡದ ಫಲಕವನ್ನು ಓದಬಲ್ಲವಳು ಅಲ್ಲಿ ಅವಳೊಬ್ಬಳೇ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಅವರೆದುರು ದನಿ ಏರಿಸಿದವಳೂ ಅಲ್ಲ. “ನಾನು ಅವರನ್ನು ಅತ್ತೆ ಅಂತೀನಿ,” ಎಂದಳು.

ಕುವಾಬಾರಾ-ಸಾನ್ ಸ್ಲೀಪರಿನ ಮುಂದೆ ನೆಟ್ಟಗೆ ನಿಂತರು, ತೋಳು ಚಾಚಿ ಬೆರಳು ತೋರಿಸಿದರು. “ಅತ್ತೆ, ಯೋಶಿ!” ಹಾರಿದರು. ಅವರ ಹಿಂದೆ ಎಂದೋ-ಸಾನ್, ಅವರ ಹಿಂದೆ ಒಬ್ಬ ಪೋಸ್ಟ್‌ಮ್ಯಾನ್, ಅವರ ಹಿಂದೆ ನೂಡಲ್ಸ್ ಅಂಗಡಿಯ ದಂಪತಿ. ಮಧ್ಯಾಹ್ನದ ಹೊತ್ತಿಗೆ ಅದು ನಿಯಮವಾಗಿತ್ತು. ಏಪ್ರಿಲಿನಲ್ಲಿ ಹೊಸಬರು ಸೇರಿದಾಗ ಹೆಲ್ಮೆಟ್ ಕಟ್ಟುವುದು ಹೇಗೆ, ಅತ್ತೆಯನ್ನು ದಾಟುವುದು ಹೇಗೆ ಎಂದು ಒಟ್ಟಿಗೇ ಕಲಿಸಲಾಯಿತು.

ಜಲಜಾಗೆ ಭಯವಿದ್ದದ್ದು ಬೇರೆ. ಹಿಂದಿನ ಚಳಿಗಾಲದಲ್ಲೇ ಅವಳು ಫಲಕದ ಫೋಟೋವನ್ನು ಮೈಸೂರಿಗೆ ಕಳಿಸಿದ್ದಳು. ಫಲಕ ಮಾತ್ರ, ಸುತ್ತಲಿನದೇನೂ ಇಲ್ಲ. ಸರಸ್ವತಿಪುರಂ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರಿಗೆಲ್ಲ ಸತ್ಯವತಿಯವರು ಅದನ್ನು ತೋರಿಸಿಯಾಗಿತ್ತು.

“ಏನಮ್ಮ, ನನ್ನ ಹೆಸರು ಎಲ್ಲಿ ಹಾಕಿದಾರೆ? ಸ್ಟೇಷನ್ ಮುಂದೇನಾ?” ಎಂದು ಫೋನಿನಲ್ಲಿ ಕೇಳಿದರು.

“ಸ್ಟೇಷನ್ನಿಂದ ಸ್ವಲ್ಪ ಮುಂದೆ, ಅತ್ತೆ.”

“ಜನಕ್ಕೆ ಕಾಣ್ಸುತ್ತಾ?”

“ರೈಲಲ್ಲಿ ಹೋಗೋರೆಲ್ಲ ಅದನ್ನ ದಾಟ್ಕೊಂಡೇ ಹೋಗ್ಬೇಕು.”

“ಹೌದಾ! ಪಾರ್ಕಿಗೆ ಬರೋ ಆ ಜಯಂತನ ಹೆಂಡ್ತಿ ನಂಬ್ತಾನೇ ಇಲ್ಲ. ಓಪನಿಂಗ್‌ಗೆ ನಾನೇ ಬರ್ತೀನಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋತೀನಿ.”

ಫೋನ್ ಇಟ್ಟ ಮೇಲೆ ಜಾಹ್ನವಿ ಹೋಂವರ್ಕಿನಿಂದ ತಲೆಯೆತ್ತಿದಳು. “ಅಮ್ಮ, ಯು ಲೈಡ್ ಟು ಅಜ್ಜಿ.”

“ಸುಳ್ಳು ಎಲ್ಲೇ ಹೇಳ್ದೆ?”

“ಟೆಕ್ನಿಕಲಿ, ನೋ. ಬಟ್ ಅಜ್ಜಿ ವಿಲ್ ಸೀ ಇಟ್.”

ಜಲಜಾಳನ್ನು ಕಾಡುತ್ತಿದ್ದದ್ದೂ ಅದೇ ಮಾತು. ಎದೆಯುಬ್ಬಿಸಿ ಬರುವ ಅತ್ತೆ ತಮ್ಮ ಹೆಸರನ್ನು ಕಾಲ ಕೆಳಗೆ ಕಂಡಾಗ ಏನೆಂದಾರು?

ಮೇ ಕೊನೆಯ ಭಾನುವಾರ ಉದ್ಘಾಟನೆ. ಹಿಂದಿನ ದಿನ ಶನಿವಾರ ಖಾಲಿ ಎಂಜಿನ್ನಿನ ಪರೀಕ್ಷೆ. ಅತ್ತೆ ಗುರುವಾರವೇ ಬಂದಿಳಿದಿದ್ದರು.

“ಇವತ್ತು ಬರೀ ಟ್ರಯಲ್ ಅತ್ತೆ, ನೀವು ರೆಸ್ಟ್ ಮಾಡಿ.”

“ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಮ್ಯಾಥ್ಸ್ ಪರೀಕ್ಷೆ ನಡೆಸಿದೋಳು ನಾನು. ಟ್ರಯಲ್ಲೇ ನೋಡ್ಬೇಕಾದ್ದು,” ಎಂದು ಸತ್ಯವತಿಯವರು ರೇಷ್ಮೆ ಸೀರೆಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿ ಹೊರಟೇಬಿಟ್ಟರು.

ಅವರು ಹೋಗಿ ನಿಂತಾಗ ಕೆಲಸದವರು ಸಾಲಾಗಿ ಹಳಿಯುದ್ದಕ್ಕೂ ಬರುತ್ತಿದ್ದರು. ಒಂದು ಜಾಗದಲ್ಲಿ ಒಬ್ಬೊಬ್ಬರೂ ನಿಂತು, ಬೆರಳು ಚಾಚಿ, “ಅತ್ತೆ, ಯೋಶಿ!” ಎಂದು ಕೂಗಿ ಹಾರಿದರು.

“ಇದೇನೇ ಇದು, ದೊಡ್ಡ ದೊಡ್ಡ ಗಂಡಸ್ರು ಹಿಂಗೆ ಕುಣೀತಾರೆ? ಅತ್ತೆ ಅಂತಿದಾರಲ್ಲ, ಯಾರ ಅತ್ತೆ?”

“ಅದು... ಇಲ್ಲಿಯ ಪದ್ಧತಿ, ಅತ್ತೆ.” ದ್ವಾರಕಾನಾಥ ಗುಡ್ಡದ ಮೇಲಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಎಂದೋ-ಸಾನ್ ಎಂಜಿನ್ ಹೊರಡಿಸಿದರು. ಕಿತ್ತಳೆ ಬಣ್ಣದ ಪುಟ್ಟ ಡೀಸೆಲ್ ಎಂಜಿನ್ನು ಹೊಸ ಹಳಿಯ ಮೇಲೆ ತೆವಳುತ್ತ ಬಂತು. ಎಲ್ಲ ಚೆನ್ನಾಗಿತ್ತು. ಅತ್ತೆಯ ಸ್ಲೀಪರ್ ಬಂದಾಗ ಎಂಜಿನ್ ಗಕ್ಕೆಂದು ಮೂಗು ತಗ್ಗಿಸಿತು. ಕುವಾಬಾರಾ-ಸಾನ್ ಕೈಯೆತ್ತಿದರು. ಅಳತೆ ಓದುವುದು ಜಲಜಾಳ ಕೆಲಸ. ಅವಳು ಮಂಡಿಯೂರಿ ಹಳಿಯ ಮೇಲೆ ನೇರ ಪಟ್ಟಿ ಇಟ್ಟು ನೋಡಿದಳು. ಹನ್ನೊಂದು ಮಿಲಿಮೀಟರ್ ತಗ್ಗು.

ಕಾರಣ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಲೀಪರಿನ ಅಡಿಗೆ ಜಲ್ಲಿಯನ್ನು ಗುದ್ದಲಿಯಿಂದ ಬಡಿದು ಗಟ್ಟಿ ಮಾಡಬೇಕು. ಬಡಿಯುವವರು ಅದರ ಮೇಲೆ ಒಂದು ಕಾಲೂರಿ ನಿಲ್ಲುತ್ತಾರೆ. ಉಳಿದೆಲ್ಲ ಸ್ಲೀಪರುಗಳಿಗೂ ಹಾಗೇ ಮಾಡಿದ್ದರು. ಇದೊಂದನ್ನು ಮಾತ್ರ ಎಲ್ಲರೂ ಗೌರವದಿಂದ ಹಾರಿ ಹೋಗಿದ್ದರು. ಅದರಡಿಯ ಜಲ್ಲಿ ಪೂರಿಯ ಹಾಗೆ ಟೊಳ್ಳಾಗಿತ್ತು.

“ಇದು ಸರಿಯಾಗದಿದ್ದರೆ ನಾಳೆ ರೈಲು ದಾಟುವುದಿಲ್ಲ. ಜನ ಮತ್ತೆ ಕೆಸರಲ್ಲೇ ನಡೀಬೇಕು,” ಎಂದರು ಕುವಾಬಾರಾ-ಸಾನ್. ಆದರೆ ಯಾರೂ ಗುದ್ದಲಿ ಎತ್ತಲಿಲ್ಲ. ಹೆಸರಿನ ಒಡತಿಯೇ ರೇಷ್ಮೆ ಸೀರೆಯುಟ್ಟು ಎದುರಿಗೆ ನಿಂತಿದ್ದಾರೆ. ಕುವಾಬಾರಾ-ಸಾನ್ ಹೆಲ್ಮೆಟ್ ತೆಗೆದು ಸತ್ಯವತಿಯವರಿಗೆ ಆಳವಾಗಿ ಬಾಗಿ ಜಪಾನಿ ಭಾಷೆಯಲ್ಲಿ ಕ್ಷಮೆ ಕೇಳಿದರು. ಹಿಂದೆ ಸಾಲಾಗಿ ಎಲ್ಲರೂ ಬಾಗಿದರು.

“ಏನಂತಾರೆ?” ಎಂದರು ಸತ್ಯವತಿ.

ಇನ್ನು ಟೆಕ್ನಿಕಲ್ ಸತ್ಯಕ್ಕೆ ಜಾಗವಿರಲಿಲ್ಲ. “ನಿಮ್ಮ ಹೆಸರು ಇದರ ಮೇಲಿದೆ ಅತ್ತೆ. ನಾನು ಯೋಚ್ನೆ ಮಾಡ್ದೆ ಹಾಕಿಸ್ಬಿಟ್ಟೆ. ತುಳಿಯೋ ಜಾಗ. ಇವ್ರು ಯಾರೂ ತುಳೀಲಿಲ್ಲ, ಮೂರು ತಿಂಗಳು ಹಾರ್ಕೊಂಡೇ ಓಡಾಡಿದ್ರು. ಈಗ ಅದೇ ಕುಸೀತಿದೆ. ನಿಮ್ಮ ಮೇಲೆ ನಿಂತು ಬಡೀಬೇಕು. ಕ್ಷಮಿಸ್ಬೇಕು ಅಂತಿದಾರೆ.” ಅವಳ ದನಿ ಕೊನೆಯಲ್ಲಿ ಸೊಳ್ಳೆಯಷ್ಟಾಯಿತು.

ಸತ್ಯವತಿಯವರು ಕನ್ನಡಕ ಏರಿಸಿ ಬಗ್ಗಿ ಫಲಕ ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಜಲಜಾ ಕೈಹಿಡಿಯಲು ಹೋದಳು. ಅವರು ನಗುತ್ತಿದ್ದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಯ್ಯೋ ಹುಚ್ಚಿ! ಸ್ಕೂಲಲ್ಲಿ ನನ್ನ ಹೆಸರು ಟಾಯ್ಲೆಟ್ ಗೋಡೆ ಮೇಲೆ ಬರೀತಿದ್ರು ಕಣೇ. ಅದಕ್ಕಿಂತ ಇದು ಪ್ರಮೋಷನ್ನು!”

ಜಲಜಾ ಅನುವಾದಿಸಿದಳು. ಕುವಾಬಾರಾ-ಸಾನ್ ಬಾಗಿದಲ್ಲಿಯೇ ನಗಲಾರಂಭಿಸಿ ಮೇಲೇಳಲಾರದೆ ಎಂದೋ-ಸಾನ್ ತೋಳು ಹಿಡಿದುಕೊಂಡರು. ಅಷ್ಟರಲ್ಲಿ ಸತ್ಯವತಿಯವರು ಸೀರೆ ನೆರಿಗೆ ಎತ್ತಿ ಹಿಡಿದು ಎರಡೂ ಬಿಳಿ ಶೂಗಳನ್ನು ತಮ್ಮ ಹೆಸರಿನ ಮೇಲೆ ಊರಿ ನಿಂತಾಗಿತ್ತು.

“ನಾನೇ ತುಳಿದಾಯ್ತು. ಇನ್ನು ಯಾರಿಗೇನು ಅಡ್ಡಿ? ಬಡೀರಿ ಅನ್ನು.”

ಅವರು ಇಳಿದ ಮೇಲೆ ಜ್ಯಾಕಿನಿಂದ ಹಳಿ ಎತ್ತಿ ನಾಲ್ವರು ಬಡಿಯತೊಡಗಿದರು. ಮೊದಮೊದಲು ಸಂಕೋಚ.

“ಇದೇನು, ಮಗೂಗೆ ಚುಕ್ಕು ತಟ್ಟೋ ಹಾಗೆ ಬಡೀತಾರೆ? ಜೋರಾಗಿ! ಜಲಜಾ, ನೀನೂ ಹೋಗು.”

“ನಾನಾ? ನಿಮ್ಮ ಮೇಲೆ ಕಾಲಿಟ್ಟು?”

“ಮನಸ್ಸಲ್ಲಿ ಎಷ್ಟು ಸಲ ಬಡಿದಿದ್ಯೋ ಯಾರಿಗ್ಗೊತ್ತು. ಹೋಗು ಹೋಗು.”

ದ್ವಾರಕಾನಾಥನ ಕೈಯಿಂದ ಪುಳಿಯೋಗರೆ ಡಬ್ಬಿ ಜಾರಿತು. ಜಲಜಾ ಬಗ್ಗಿ ಫಲಕ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಅದರ ಅಂಚಿನಲ್ಲಿ ಕಾಲೂರಿದಳು, ಗುದ್ದಲಿ ಎತ್ತಿದಳು. ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಜಾಹ್ನವಿ ಹೊಡೆತಕ್ಕೊಂದು ಚಪ್ಪಾಳೆ ತಟ್ಟುತ್ತ “ಗಂಬಾರೆ, ಅಮ್ಮ!” ಎಂದು ಹುರಿದುಂಬಿಸಿದಳು.

ಎಂಜಿನ್ ಮತ್ತೆ ಬಂತು. ಅತ್ತೆಯ ಸ್ಲೀಪರಿನ ಮೇಲೇ ನಿಂತಿತು. ಜಲಜಾ ಮಂಡಿಯೂರಿ ಪಟ್ಟಿ ಇಟ್ಟು, ಕೆಳಗೆ ಬೆಳಕು ಕಾಣುತ್ತದೆಯೇ ಎಂದು ಕೆನ್ನೆ ನೆಲಕ್ಕೆ ತಾಗಿಸಿ ನೋಡಿದಳು. ಪಟ್ಟಿಗೂ ಹಳಿಗೂ ನಡುವೆ ಬೆಳಕಿರಲಿಲ್ಲ. ಅಭ್ಯಾಸಬಲದಿಂದ, ಅತ್ತೆಯೆದುರು ಮಾತಾಡುವ ಸಣ್ಣ ದನಿಯಲ್ಲೇ ಅಂಕಿ ಹೇಳಿದಳು. ಡೀಸೆಲ್ ಸದ್ದಿನಲ್ಲಿ ಎಂದೋ-ಸಾನ್ ಕಿವಿಗೆ ಕೈ ಹಚ್ಚಿದರು.

“ಕೊನೇ ಬೆಂಚಿಗೆ ಕೇಳಿಸ್ಲಿಲ್ಲ!” ಎಂದರು ಸತ್ಯವತಿ.

ಆಗ ಜಲಜಾ ಎದ್ದು ನಿಂತು, ತೋಳು ಚಾಚಿ, ಹನ್ನೊಂದು ವರ್ಷದ ಸುಮಿಮಾಸೆನ್‌ಗಳನ್ನೆಲ್ಲ ಬದಿಗೊತ್ತಿ ಕೂಗಿದಳು. ಜಪಾನಿ ಭಾಷೆಯಲ್ಲಿ ಕೂಗಬೇಕೆಂಬುದು ಮರೆತೇ ಹೋಗಿತ್ತು. ಆದರೂ ಎಲ್ಲರಿಗೂ ಅರ್ಥವಾಯಿತು. ಮರುದಿನ ಬೆಳಿಗ್ಗೆ ರೈಲು ತುಂಡಾಗಿದ್ದ ಜಾಗ ದಾಟಿ ಮೇಲಿನ ಹಳಿ ಸೇರಿತು. ಮೊದಲ ಡಬ್ಬಿಯ ಕಿಟಕಿಯಲ್ಲಿ ಸತ್ಯವತಿಯವರು ಕೂತಿದ್ದರು. ಹಿಂದಿರುಗುವ ಮೊದಲು ಸ್ಲೀಪರಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು, ಪಕ್ಕದಲ್ಲಲ್ಲ, ಮೇಲೆ.

ಕುರುಮಿಜಾವಾದಲ್ಲಿ ಈಗ ಆ ಸ್ಲೀಪರನ್ನು ಯಾರೂ ಹಾರುವುದಿಲ್ಲ. ಆದರೆ ಎಂಜಿನ್ ಅಲ್ಲಿಗೆ ಬಂದಾಗ ಎಂದೋ-ಸಾನ್ ಬಿಳಿ ಕೈಗವಸಿನ ಬೆರಳು ಚಾಚಿ, ಅಂದು ಜಲಜಾ ಹೇಳಿದ ಅಂಕಿಯನ್ನೇ, ಅವಳದೇ ಭಾಷೆಯಲ್ಲಿ, ಕಣಿವೆ ಮೊಳಗುವಂತೆ ಕೂಗುತ್ತಾರೆ: “ಅತ್ತೆ, ಸೊನ್ನೆ!”