ಹಮ್ಮಬ್ಬನ ಕಡ್ಡಿ

ಕೊಲ್ಲಿ ದೇಶದ ನಜ್ಮಾ ಪೇಟೆಯ ಅಂಗಡಿಗಳಲ್ಲಿ ಅಂಜಲ್ ಮೀನಿನ ಕಿವಿರೆತ್ತಿ ನೋಡದೆ, ಬದನೆಕಾಯಿಯನ್ನೂ ಕಿವಿಯ ಹತ್ತಿರ ಕುಲುಕದೆ ಹಮ್ಮಬ್ಬ ಏನನ್ನೂ ಕೊಂಡವನಲ್ಲ. ಅಂಥವನಿಗೆ, ಅವನು ಕಾರು ಓಡಿಸುವ ಅಮೆರಿಕದ ಎಂಜಿನಿಯರ್ ಸಾಹೇಬರು ಬೇಟೆಯಲ್ಲಿ ಟರ್ಕಿಕೋಳಿಯನ್ನು ಕರೆಯುವ ಬಟ್ಟಲು ಕೊಟ್ಟು, ಅದಕ್ಕೊಂದು ಹೊಸ ಕಡ್ಡಿ ಹುಡುಕಲು ಹೇಳಿದರೆ ಕೇಳಬೇಕೇ. ಅಂಗೈಯಗಲದ ಮರದ ಬಟ್ಟಲು, ಮೇಲೊಂದು ಸ್ಲೇಟು. ಕಡ್ಡಿಯಿಂದ ಉಜ್ಜಿದರೆ ಹೇಂಟೆ ಕೂಗಿದಂತಾಗಿ ಕಾಡಿನ ಹುಂಜ ಓಡಿಬರಬೇಕು. ತೊಂಬತ್ತಾರರ ಏಪ್ರಿಲ್ ರಜೆಗೆ ಸಾಹೇಬರು ಅದನ್ನು ತಮ್ಮ ಊರಿನ ಬೇಟೆಗೆ ಒಯ್ಯುವವರು. ಹೆಂಡತಿ ನಬೀಸಳ ಲಟ್ಟಣಿಗೆ, ಮಂಚದ ಗೂಟ, ಬಡಗಿಯಂಗಡಿಯ ತೇಗದ ಚೂರು, ಎಲ್ಲವೂ ಸ್ಲೇಟಿನ ಮೇಲೆ ಕಿರುಗುಟ್ಟಿದವು. “ಈ ಕೋಳಿಗೆ ಶೀತ,” ಎನ್ನುತ್ತಿದ್ದ. “ಇದು ಮೊಟ್ಟೆಯಿಟ್ಟು ಬೊಬ್ಬೆ ಹಾಕುವುದು, ಖಲಾಸ್. ನಮಗೆ ಬೇಕಾದ್ದು ಗಂಡನನ್ನು ಕರೆಯುವ ಕೋಳಿ.” “ಊಟಕ್ಕೆ ಕರೆದು ಕರೆದು ನನ್ನ ಗಂಟಲು ಹೋಯಿತು, ಗಂಡ ಬಂದನಾ?” ಎಂದು ನಬೀಸ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಒಂದು ದಿನ ಹುಣಸೆಯ ಕಡ್ಡಿಯ ಸ್ವರ ಅವಳಿಗೂ ಹಿಡಿಸಿತು. ಅವನು ಅದನ್ನೂ ಬದಿಗಿಟ್ಟ. ರೇಗಿ ಹೊರಬಂದವಳು ಕಂಡದ್ದು, ಅವನು ಹೆಬ್ಬೆರಳು ತೋರುಬೆರಳುಗಳಲ್ಲಿ ಮಾತ್ರ ಇನ್ನೊಂದು ಕಡ್ಡಿ ಹಿಡಿದು ಉಜ್ಜುವುದನ್ನು. “ಲಕ್ವ ಹೊಡೆದ ಮೇಲೆ ಸಾಹೇಬರಿಗೆ ಈ ಎರಡು ಬೆರಳೇ ಹಿಡಿತಕ್ಕೆ ಬರುವುದು,” ಎಂದ. “ಸ್ವರ ಎಂದೋ ಸಿಕ್ಕಿದೆ ಮಾರಾಯ್ತಿ, ಕಡ್ಡಿ ಜಾರುತ್ತದೆ.” ನಬೀಸ ಒಳಗೆ ಹೋಗಿ, ತವರಿನಿಂದ ತಂದ ಸೌಟಿನ ಮರದ ಹಿಡಿ ಕಳಚಿ ತಂದಳು, ವರ್ಷಗಟ್ಟಲೆ ಹಿಡಿದು ಅದರಲ್ಲಿ ಹೆಬ್ಬೆರಳಿನ ಕುಳಿ ಬಿದ್ದಿತ್ತು. ಹಮ್ಮಬ್ಬ ಎರಡೇ ಬೆರಳಲ್ಲಿ ಹಿಡಿದು ಉಜ್ಜಿದ. ಹೇಂಟೆ ಕೂಗಿತು, ಕಡ್ಡಿ ಜಾರಲಿಲ್ಲ. “ಇನ್ನು ಊಟಕ್ಕೆ ಬನ್ನಿ,” ಎಂದಳು ನಬೀಸ. ಮೊದಲ ಕರೆಗೇ ಅವನು ಎದ್ದ.