ಬಾವಿ ಉಸಿರಾಡಲೆಂದು ತಂದ ಪೈಪು

೨೦೨೪ರ ಬೇಸಿಗೆ. ನಗರದ ಕೊಳವೆಬಾವಿಗಳು ಒಂದೊಂದಾಗಿ ಕೈಕೊಡುತ್ತಿದ್ದ ಆ ದಿನಗಳಲ್ಲಿ ನಾನು ರಾಜಾಜಿನಗರದ ಕಡೆಯ ನೀರಿನ ಹೊಣೆ ಹೊತ್ತ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಬೆಳಿಗ್ಗೆ ಕಚೇರಿಗೆ ಬಂದರೆ ಕೂರುವ ಮೊದಲೇ ಫೋನು. ಟ್ಯಾಂಕರ್ ಎಲ್ಲಿ, ಯಾವಾಗ ಎಂಬ ಎರಡೇ ಪ್ರಶ್ನೆ.

ನನ್ನ ವ್ಯಾಪ್ತಿಯ ಒಂದು ಸಣ್ಣ ಪಾರ್ಕಿನಲ್ಲಿ, ಸಮುದಾಯ ಭವನದ ಪಕ್ಕ, ಬಡಾವಣೆ ಹುಟ್ಟುವ ಮೊದಲಿನ ತೆರೆದ ಬಾವಿಯಿತ್ತು. ಒಡೆದ ದೇವರ ಪಟ, ಒಣಗಿದ ಹಾರ, ಪ್ಲಾಸ್ಟಿಕ್ ಕವರ್ ಎಲ್ಲವೂ ಬೀಳುತ್ತಿದ್ದದ್ದು ಅದರೊಳಗೇ. ಅದನ್ನು ಮುಚ್ಚಿ ಓಪನ್ ಜಿಮ್ ಮಾಡಬೇಕೆಂದು ಮಾಜಿ ಕಾರ್ಪೊರೇಟರ್ ರುದ್ರಪ್ಪನವರು ಪಟ್ಟು ಹಿಡಿದಿದ್ದರು. ಅವರು ಮಾಜಿಯಾದರೂ ವಾರ್ಡಿನಲ್ಲಿ ಅವರ ಮಾತು ಇನ್ನೂ ಹಾಲಿಯೇ.

ನಾನು ಬೇಡವೆಂದೆ. ಹಗ್ಗ ಕಟ್ಟಿ ಬಕೆಟ್ ಇಳಿಸಿ ನೋಡಿದ್ದೆ. ಕಸದ ಸಂದಿಯಿಂದ ಒದ್ದೆ ಹೂಳು ಮೇಲೆ ಬಂದಿತ್ತು. ಭವನದ ಚಾವಣಿಯ ಮಳೆನೀರನ್ನು ಸೋಸಿ ಬಾವಿಗೆ ಬಿಟ್ಟರೆ ಅದು ನೆಲಕ್ಕಿಂಗಿ ಅಂತರ್ಜಲ ಚೇತರಿಸಿಕೊಳ್ಳುತ್ತದೆ. ನಾವು ಎಂಜಿನಿಯರುಗಳು ಇದನ್ನೇ ರೀಚಾರ್ಜ್ ಎನ್ನುವುದು. ಹೀಗೆಂದು ವರದಿ ಕೊಟ್ಟೆ. "ನಿಮ್ದು ಬರೀ ತಕರಾರು ಮೇಡಂ" ಎಂದು ಮೇಲಿನವರು ಬದಿಗಿಟ್ಟರು.

ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ಗಿರಿಜಮ್ಮ ಎಂಬುವರು ಇಡ್ಲಿ ಮೆಸ್ ನಡೆಸುತ್ತಿದ್ದರು. ಅವರ ಬೋರ್ ಬತ್ತಿತ್ತು.

"ಕುಡಿಯೋಕೆ ಕಾವೇರಿ ಹೆಂಗೋ ಆಗುತ್ತೆ ಮೇಡಂ. ಪಾತ್ರೆ ತೊಳಿಯೋಕೂ ಟ್ಯಾಂಕರ್ ಕಾಯ್ಕೊಂಡು ಕೂತ್ರೆ ಮೆಸ್ ನಡ್ಸೋದು ಹೆಂಗೆ? ಈ ಮಳೆಗಾಲ ನೋಡ್ತೀನಿ. ಆಮೇಲೂ ಹಿಂಗೇ ಆದ್ರೆ ಬಾಗಿಲು ಹಾಕ್ಬಿಡ್ತೀನಿ" ಎಂದರು.

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನೋಡಿ ನಾವು ನಗುತ್ತೇವೆ. ಇಲ್ಲಿ ಬೆಂಕಿ ಬಿದ್ದಾಗ ಇದ್ದ ಬಾವಿಯನ್ನೇ ಮುಚ್ಚಲು ಹೊರಟಿದ್ದರು!

ಜಿಮ್ ಕೆಲಸ ಶುರುಮಾಡುವ ಪೂಜೆಯ ದಿನ, ಬಾವಿಗೆ ಸುರಿಯಲು ಕಟ್ಟಡದ ಅವಶೇಷ ತುಂಬಿದ ಟಿಪ್ಪರ್ ಪಾರ್ಕಿನ ಗೇಟಿಗೆ ಬಂದು ನಿಂತಿತು. ನಾನು ಹೋಗಿ ಬಾವಿಕಟ್ಟೆಗೆ ಒರಗಿ ನಿಂತೆ. ತಡೆಯುವ ಅಧಿಕಾರ ನನಗಿರಲಿಲ್ಲ, ಕದಲುವ ಮನಸ್ಸೂ ಇರಲಿಲ್ಲ. ರುದ್ರಪ್ಪನವರು ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಭಕ್ತಿಯಿಂದಲೇ ಕೈಮುಗಿದರು. ಆಮೇಲೆ ಕಂಟ್ರಾಕ್ಟರನ ಕಡೆ ತಿರುಗಿ, "ಪೈಪ್ ತಂದಿದೀಯಾ? ಮೊದ್ಲು ಅದನ್ನ ಇಳಿಸಪ್ಪ, ಆಮೇಲೆ ಮಣ್ಣು. ಗಂಗಮ್ಮ ಉಸಿರಾಡ್ಬೇಕು" ಎಂದರು.

ನಮ್ಮಲ್ಲಿ ಬಾವಿ ಮುಚ್ಚುವಾಗ ಒಂದು ಉದ್ದನೆಯ ಪೈಪು ನಿಲ್ಲಿಸಿ, ಅದರ ಬಾಯಿಯನ್ನು ನೆಲದ ಮೇಲೆ ಉಳಿಸುವ ಪದ್ಧತಿಯಿದೆ. ಬಾವಿಯ ಉಸಿರು ಕಟ್ಟಿಸಿದರೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ. ಇಂಥ ಪೈಪುಗಳನ್ನು ಎಷ್ಟೋ ಹಳೆಯ ಮನೆಗಳ ಅಂಗಳದಲ್ಲಿ ಕಂಡು ಸುಮ್ಮನೆ ದಾಟಿದ್ದೆ. ಅಂದು ಮಾತ್ರ ಮೈ ಉರಿದುಹೋಯಿತು.

"ಸಾರ್, ಉಸಿರಾಡ್ಬೇಕು ಅಂತ ನೀವೇ ಹೇಳ್ತಾ ಇದೀರ. ಅಂದ್ರೆ ಜೀವ ಇದೆ ಅಂತ ತಾನೆ? ಜೀವ ಇರೋದನ್ನ ಯಾರಾದ್ರೂ ಹೂಳ್ತಾರಾ?"

ಟಿಪ್ಪರ್ ಚಾಲಕ ಎಂಜಿನ್ ಆಫ್ ಮಾಡಿದ. ರುದ್ರಪ್ಪನವರು ಬೈಯುತ್ತಾರೆಂದುಕೊಂಡೆ. ಅವರು ಬಾವಿಯೊಳಕ್ಕೆ ಬಗ್ಗಿ ನೋಡಿದರು. ತಾವೇ ಹಚ್ಚಿದ ಕುಂಕುಮವನ್ನೂ ನೋಡಿದರು.

"ಬಾಯಿ ಜೋರಿದೆ ಮೇಡಂ ನಿಮ್ದು. ಆಯ್ತು, ಮಳೆಗಾಲ ಮುಗಿಯೋವರ್ಗೂ ಟೈಮ್ ತಗೊಳ್ಳಿ. ನೀರು ಬರ್ಲಿಲ್ಲ ಅಂದ್ರೆ ನಾನು ಮುಚ್ಚಿಸ್ತೀನಿ. ಆಗ ಅಡ್ಡ ಬರ್ಬೇಡಿ."

ಮರುದಿನವೇ ಬಾವಿ ಕೆಲಸದವರನ್ನು ಕರೆಸಿದೆ. ಕಸ, ಹೂಳು ಎಲ್ಲ ಹೊರಬಂತು. ಪಟಗಳ ಗಾಜೇ ಮೂಟೆಗಟ್ಟಲೆ. ನೀರು ಸೋಸಲು ಜಲ್ಲಿ, ಮರಳು, ಇದ್ದಿಲು ತುಂಬಿದ ಗುಂಡಿ ಮಾಡಿಸಿದೆ. ಚಾವಣಿಯಿಂದ ನೀರಿಳಿಸಲು ಪೈಪು ಬೇಕಾಯಿತು. ಹೊಸದಕ್ಕೆ ಮಂಜೂರಾತಿ ಕಾಯುವ ತಾಳ್ಮೆ ನನಗಿರಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಅದೇ ಪೈಪನ್ನು ರುದ್ರಪ್ಪನವರಿಂದ ಕೇಳಿ ಹಾಕಿಸಿದೆ.

ಮೊದಲ ಮಳೆಗಳಿಗೆ ಏನೂ ಆಗಲಿಲ್ಲ. ನೆಲ ಕುಡಿಯುತ್ತಲೇ ಇತ್ತು. ನಾನು ಹೊರಗೆ ಧೈರ್ಯ ತೋರಿಸುತ್ತಿದ್ದರೂ ಒಳಗೊಳಗೇ ಹೆದರಿದ್ದೆ. ಮಳೆ ಬಲವಾದ ಮೇಲೆ ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ತಳದಲ್ಲಿ ಆಕಾಶ ಕಾಣಿಸಿತು. ಕಟ್ಟೆಯ ಮೇಲೆ ಕೂತು ಅತ್ತೆ. ನೀರು ನಿಂತ ಮೇಲೆ ಪರೀಕ್ಷೆ ಮಾಡಿಸಿ, ಕುಡಿಯಲು ಅಲ್ಲವೆಂದು ಬೋರ್ಡ್ ಹಾಕಿ, ಹಿಂದಿನ ಗಲ್ಲಿಗೊಂದು ನಲ್ಲಿ ಎಳೆಸಿದೆ.

ಈಗ ರುದ್ರಪ್ಪನವರು ಬಂದವರಿಗೆಲ್ಲ ಬಾವಿ ತೋರಿಸಿ, "ನಾವೇ ಉಳಿಸಿದ್ದು" ಎನ್ನುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಹೊಸ ನೀರು ತರುವುದಾಗಿ ಭಾಷಣ ಮಾಡುವ ಮುಖಂಡರು ಬೇಕಾದಷ್ಟಿದ್ದಾರೆ. ಇರುವ ನೀರಿನ ಬಾಯಿ ಮುಚ್ಚದೆ ಕಾಯುವವರೇ ಕಡಿಮೆ. ಅವರನ್ನು ಹಟ ಹಿಡಿದಾದರೂ ತಯಾರು ಮಾಡಬೇಕು. ನೌಕರಿ ನನಗೆ ಕಲಿಸಿದ್ದು ಇದನ್ನೇ.

ಗಿರಿಜಮ್ಮನ ಮೆಸ್‌ಗೆ ಈಗಲೂ ಹೋಗುತ್ತೇನೆ. ಮಳೆ ಬಂದರೆ ಪಾರ್ಕಿನ ಆ ಪೈಪಿನಲ್ಲಿ ನೀರು ಇಳಿಯುವ ಸದ್ದು ಅಲ್ಲಿಗೂ ಕೇಳುತ್ತದೆ. ಆಗ ಅವರು ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ, "ಕೇಳಿಸ್ತಾ ಮೇಡಂ, ಉಸಿರಾಡ್ತಾ ಇದೆ" ಎನ್ನುತ್ತಾರೆ.